ಕಣಗಿನಹಾಳದಿಂದ ದ್ವಾರಕಾದವರೆಗೆ ಸೊಸೈಟಿ ನಡೆದ ದಾರಿ

ದೆಹಲಿಯ ದ್ವಾರಕಾದಲ್ಲಿ ವಿಳಾಸ ಹೇಳುವಾಗ ಬೀದಿಯ ಹೆಸರು ಬರುವುದು ಅಪರೂಪ. ಮೊದಲು ಸೆಕ್ಟರ್ ನಂಬರು, ಆಮೇಲೆ ಸೊಸೈಟಿ. ಮೆಟ್ರೊ ಇಳಿದು ಇ-ರಿಕ್ಷಾ ಹತ್ತಿದರೆ ಚಾಲಕ ಕೇಳುವುದೂ ‘ಕೌನ್ ಸೀ ಸೊಸೈಟಿ?’ ಎಂದೇ. ಅಲ್ಲಿ ಸೊಸೈಟಿ ಎಂದರೆ ಸುತ್ತ ಕಾಂಪೌಂಡು, ಎದುರಿಗೆ ಕಬ್ಬಿಣದ ಗೇಟು, ಗೇಟಿನಲ್ಲಿ ರಿಜಿಸ್ಟರ್ ಹಿಡಿದ ಗಾರ್ಡು, ಒಳಗೆ ಎತ್ತರದ ಫ್ಲ್ಯಾಟುಗಳು. ಕರ್ನಾಟಕದ ಹಳ್ಳಿಯಿಂದ ಮಗನ ಮನೆಗೆಂದು ಬಂದ ತಾಯಿಗೆ ಈ ಮಾತು ಸುಲಭವಾಗಿ ದಕ್ಕುವುದಿಲ್ಲ. ಆಕೆಯ ಪಾಲಿಗೆ ಸೊಸೈಟಿ ಎಂದರೆ ಕಾರ್ಡು ಹಿಡಿದು ಸಾಲಿನಲ್ಲಿ ನಿಂತು ಅಕ್ಕಿ, ಸಕ್ಕರೆ, ಸೀಮೆಎಣ್ಣೆ ತರುತ್ತಿದ್ದ ಜಾಗ. ‘ಸೊಸೈಟಿ ಅಕ್ಕಿ’ ಅಲ್ಲಿ ಅಕ್ಕಿಯ ಒಂದು ಜಾತಿಯೇ ಆಗಿಬಿಟ್ಟಿದೆ. ಗಂಡಸರ ಬಾಯಲ್ಲಿ ಅದೇ ಮಾತು ಬೆಳೆ ಸಾಲ ಕೊಡುವ ಕಚೇರಿ: ‘ಸೊಸೈಟಿ ಸಾಲ ಇನ್ನೂ ತೀರಿಲ್ಲ’.

ಒಂದೇ ಶಬ್ದ ಒಂದು ಕಡೆ ರೇಷನ್ ಅಂಗಡಿಯಾಗಿ, ಇನ್ನೊಂದು ಕಡೆ ಬಹುಮಹಡಿ ವಸತಿಯಾಗಿ ನಿಂತದ್ದು ಆಕಸ್ಮಿಕವಲ್ಲ. ಎರಡರ ಬೇರೂ ಒಂದೇ. ಆ ಬೇರಿನ ದೊಡ್ಡ ಭಾಗ ಕನ್ನಡದ ನೆಲದಲ್ಲಿದೆ ಎಂಬುದನ್ನು ದ್ವಾರಕಾದ ಕನ್ನಡಿಗರು ತಿಳಿದಿರಬೇಕು ಎನ್ನುವುದಕ್ಕಾಗಿಯೇ ಈ ಬರಹ.

ಲ್ಯಾಟಿನ್‌ನಲ್ಲಿ ಸೋಸಿಯಸ್ ಎಂದರೆ ಜೊತೆಗಾರ. ಅದರಿಂದ ಹುಟ್ಟಿದ ಇಂಗ್ಲಿಷ್ ಶಬ್ದ ಮೊದಮೊದಲು ಒಡನಾಟವನ್ನು, ಆಮೇಲೆ ಒಂದು ಉದ್ದೇಶಕ್ಕೆ ಕೂಡಿದ ಜನರ ಗುಂಪನ್ನು, ಮುಂದೆ ಇಡೀ ಸಮಾಜವನ್ನು ಸೂಚಿಸತೊಡಗಿತು. ಸಿರಿವಂತರ ವಲಯಕ್ಕೂ ಅದೇ ಹೆಸರು ಬಂತು. ಭಾರತಕ್ಕೆ ಅದು ಬಂದದ್ದು ಓದುಬರಹ ಬಲ್ಲವರ ಜೊತೆ. 1784ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಏಷಿಯಾಟಿಕ್ ಸೊಸೈಟಿ ಕಟ್ಟಿದರು. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಲಂಡನ್ ಮಿಷನರಿ ಸೊಸೈಟಿಯವರು. 1860ರ ಸೊಸೈಟಿ ನೋಂದಣಿ ಕಾಯ್ದೆ ಇಂಥ ಕೂಟಗಳಿಗೆ ಕಾನೂನಿನ ನೆಲೆ ಕೊಟ್ಟಿತು. ಬೆಂಗಳೂರಿನ ಮಿಥಿಕ್ ಸೊಸೈಟಿ, ಬೆಳಗಾವಿಯ ಕೆ.ಎಲ್.ಇ. ಸೊಸೈಟಿ, ದೆಹಲಿಯ ಲೋಧಿ ಎಸ್ಟೇಟಿನಲ್ಲಿ ಕನ್ನಡ ಶಾಲೆ ನಡೆಸುವ ದೆಹಲಿ ಕನ್ನಡ ಎಜುಕೇಷನ್ ಸೊಸೈಟಿ, ಎಲ್ಲವೂ ಈ ಬಳಗದವು. ಆದರೆ ಈ ಅರ್ಥ ಹೊಲಗದ್ದೆಗೆ ಇಳಿಯಲಿಲ್ಲ. ಇಳಿಸಿದ್ದು ಸಾಲ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ದಖ್ಖಣದ ರೈತ ಬರಕ್ಕೂ ಬಡ್ಡಿಗೂ ಸಿಕ್ಕಿ ನಲುಗಿದ್ದ. 1875ರಲ್ಲಿ ಪುಣೆ, ಅಹಮದ್‌ನಗರದ ಕಡೆ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟಿದ್ದರು. ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯುರೋಪಿನ ರೈತರ ಬ್ಯಾಂಕುಗಳನ್ನು ಅಧ್ಯಯನ ಮಾಡಿ ವರದಿ ಕೊಟ್ಟರು. ಜರ್ಮನಿಯಲ್ಲಿ ರೈಫೈಸನ್ ಹಾಕಿಕೊಟ್ಟ ಮಾದರಿ ಅವರ ಕಣ್ಣಿಗೆ ಬಿದ್ದಿತ್ತು: ಪರಸ್ಪರ ಬಲ್ಲ ಒಂದೂರಿನ ಜನ ಒಬ್ಬರಿಗೊಬ್ಬರು ಹೊಣೆ ನಿಂತು ಸಾಲ ಪಡೆಯುವುದು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಕನಿಷ್ಠ 10 ಮಂದಿ ಸೇರಿದರೆ ಒಂದು ಸೊಸೈಟಿ.

ಅದರ ಮರುವರ್ಷ, 1905ರ ಮೇ ತಿಂಗಳಲ್ಲಿ, ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಕೃಷಿ ಪತ್ತಿನ ಸಂಘ ಕಟ್ಟಿದರು. ದೇಶದ ಸಹಕಾರ ಚಳವಳಿಯ ಆರಂಭದ ಊರುಗಳನ್ನು ಹೇಳುವಾಗ ಕಣಗಿನಹಾಳ ಮುಂಚೂಣಿಯಲ್ಲಿ ಬರುತ್ತದೆ. ಕರ್ನಾಟಕ ಪಾಟೀಲರನ್ನು ಸಹಕಾರಿ ಪಿತಾಮಹ ಎಂದು ನೆನೆಯುತ್ತದೆ. ನನಗೆ ಈ ಘಟನೆಯಲ್ಲಿ ದೊಡ್ಡದೆನಿಸುವುದು ಮೊದಲು ಯಾರು ಎಂಬ ಪೈಪೋಟಿಯಲ್ಲ. ಪರದೇಶದ ಕಾಯ್ದೆಯ ಭಾಷೆಯಲ್ಲಿದ್ದ ಒಂದು ಶಬ್ದವನ್ನು ಒಕ್ಕಲುತನದ ಊರೊಂದು ತನ್ನ ಬದುಕಿಗೆ ಒಗ್ಗಿಸಿಕೊಂಡ ರೀತಿ. ಅಲ್ಲಿಂದಾಚೆಗೆ ಸೊಸೈಟಿ ಊರೂರಿನ ಮಾತಾಯಿತು. ಸ್ವಾತಂತ್ರ್ಯಾನಂತರ ವ್ಯವಸಾಯ ಸೇವಾ ಸಹಕಾರ ಸಂಘಗಳು ಗೊಬ್ಬರ ಕೊಟ್ಟವು, ಬೀಜ ಕೊಟ್ಟವು, ನ್ಯಾಯಬೆಲೆ ಅಂಗಡಿಯನ್ನೂ ನಡೆಸಿದವು. ಹೀಗೆ ಸೊಸೈಟಿ ರೇಷನ್ನಿನ ಹೆಸರಾಯಿತು. ಈಗ ಖಾಸಗಿಯವರು ನಡೆಸುವ ನ್ಯಾಯಬೆಲೆ ಅಂಗಡಿಗೂ ಜನ ಕರೆಯುವುದು ಸೊಸೈಟಿ ಎಂದೇ.

ಸಾಲದಿಂದ ಮನೆಗೆ ಅದು ಹೊರಳಿದ್ದೂ ನಮ್ಮವರ ಕೈಯಲ್ಲೇ. ಮೈಸೂರು ಸಂಸ್ಥಾನ 1905ರಲ್ಲಿ ತನ್ನದೇ ಸಹಕಾರ ಕಾಯ್ದೆ ಮಾಡಿತು. 1909ರಲ್ಲಿ ಬೆಂಗಳೂರು ಬಿಲ್ಡಿಂಗ್ ಕೋಆಪರೇಟಿವ್ ಸೊಸೈಟಿ ಹುಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ 1912ರ ಹೊಸ ಕಾಯ್ದೆ ಪತ್ತಿನಾಚೆಯ ಕೆಲಸಗಳಿಗೂ ಸಂಘ ಕಟ್ಟಲು ದಾರಿ ತೆರೆಯಿತು. ಆ ದಾರಿಯಲ್ಲಿ ನಡೆದವರು ಮುಂಬಯಿಯ ಚಿತ್ರಾಪುರ ಸಾರಸ್ವತರು, ಭಟ್ಕಳ ತಾಲ್ಲೂಕಿನ ಶಿರಾಲಿ ಮಠದ ಶಿಷ್ಯವರ್ಗ. ಕೆನರಾದಿಂದ ನೌಕರಿಗೆಂದು ಹೋಗಿ ಬಾಡಿಗೆಯ ಇಕ್ಕಟ್ಟಿನಲ್ಲಿದ್ದ ಈ ಕುಟುಂಬಗಳನ್ನು ಒಗ್ಗೂಡಿಸಿದವರು ರಾವ್ ಬಹದ್ದೂರ್ ಶ್ರೀಪಾದ ಸುಬ್ಬರಾವ್ ತಲ್ಮಕಿ. ತಮ್ಮ ಗುರು ಶಾಮರಾವ್ ವಿಠಲ ಕೈಕಿಣಿಯವರ ಹೆಸರಿನಲ್ಲಿ 1906ರಲ್ಲೇ ಸಹಕಾರಿ ಬ್ಯಾಂಕ್ ಕಟ್ಟಿದ್ದವರು ಅವರು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಕೋಆಪರೇಟಿವ್ ಹೌಸಿಂಗ್ ಸೊಸೈಟಿ ನೋಂದಣಿಯಾಯಿತು. ಅಲ್ಲಿ ಕಟ್ಟಡ ಸೊಸೈಟಿಯದು, ಸೊಸೈಟಿ ಸದಸ್ಯರದು. ಒಡೆಯನೂ ನಾವೇ, ಬಾಡಿಗೆದಾರನೂ ನಾವೇ ಎಂಬ ಈ ಏರ್ಪಾಟು ಮುಂಬಯಿಯ ವಸತಿಯ ರೂಢಿಯಾಗಿ ಬೆಳೆಯಿತು. ಕಟ್ಟಡವನ್ನೇ ಸೊಸೈಟಿ ಎಂದು ಕರೆಯುವ ಅಭ್ಯಾಸದ ಮೂಲ ಇಲ್ಲಿದೆ ಎಂದು ನಾನು ತಿಳಿಯುತ್ತೇನೆ.

ಬೆಂಗಳೂರಿನಲ್ಲಿ ಹಾಗಾಗಲಿಲ್ಲ. ಅಲ್ಲಿ ಗೃಹ ನಿರ್ಮಾಣ ಸಹಕಾರ ಸಂಘಗಳು ಜಮೀನು ಪಡೆದು ಸೈಟು ಹಂಚಿದವು. ಸೈಟು ಸಿಕ್ಕಿದವರು ಮನೆ ಕಟ್ಟಿಕೊಂಡರು, ಊರಿಗೆ ‘ಲೇಔಟ್’ ಎಂಬ ಹೆಸರು ಉಳಿಯಿತು, ಸಂಘ ಮರೆಯಾಯಿತು. ಫ್ಲ್ಯಾಟುಗಳು ಬಂದ ಮೇಲೆ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ದೆಸೆಯಿಂದ ‘ಅಸೋಸಿಯೇಷನ್’ ಚಾಲ್ತಿಗೆ ಬಂತು. ದೆಹಲಿಯೂ ಮೊದಲು ಸೈಟಿನ ದಾರಿಯನ್ನೇ ಹಿಡಿದಿತ್ತು: ವಸಂತ ವಿಹಾರ ಸರ್ಕಾರಿ ನೌಕರರ ಗೃಹ ನಿರ್ಮಾಣ ಸಂಘದ್ದು, ಗುಲ್‌ಮೊಹರ್ ಪಾರ್ಕ್ ಪತ್ರಕರ್ತರದು. ಅವೂ ಕಾಲನಿಗಳಾದವು.

ಮುಂದೆ ಜಮೀನು ಸಾಲದಾಯಿತು. 1957ರಲ್ಲಿ ಸ್ಥಾಪನೆಯಾದ ದೆಹಲಿ ಅಭಿವೃದ್ಧಿ ಪ್ರಾಧಿಕಾರ ಒಂಟಿ ಸೈಟುಗಳ ಬದಲು ಗ್ರೂಪ್ ಹೌಸಿಂಗ್ ಸೊಸೈಟಿಗಳಿಗೆ ಒಂದೊಂದು ತುಂಡು ನೆಲ ಕೊಡತೊಡಗಿತು. 1972ರ ದೆಹಲಿ ಸಹಕಾರ ಸಂಘಗಳ ಕಾಯ್ದೆ ಜೊತೆಗಿತ್ತು. ಒಂದೇ ಇಲಾಖೆಯವರು, ಒಂದೇ ಬ್ಯಾಂಕಿನವರು, ಒಂದೇ ಪ್ರಾಂತ್ಯದವರು ಸೇರಿ ಸೊಸೈಟಿ ಕಟ್ಟಿದರು. ನಿವೃತ್ತಿಯ ದಿನ ಸರ್ಕಾರಿ ಕ್ವಾರ್ಟರ್ಸ್ ಬಿಡಬೇಕಾದ ನೌಕರನಿಗೆ, ಅವರಲ್ಲಿ ಕನ್ನಡಿಗರೂ ಇದ್ದರು, ರಾಜಧಾನಿಯಲ್ಲಿ ಸ್ವಂತ ಸೂರಿಗೆ ಇದು ನೆಚ್ಚಬಹುದಾದ ದಾರಿ. ಕಂತು ಕಟ್ಟಿ, ವರ್ಷಗಟ್ಟಲೆ ಕಾದು, ಕೊನೆಗೆ ಲಾಟರಿಯಲ್ಲಿ ಫ್ಲ್ಯಾಟ್ ನಂಬರು ಪಡೆಯುವುದು. ಪಪ್ಪನ್‌ಕಲಾಂ ಎಂಬ ಹಳ್ಳಿಯ ಹೆಸರಿನಲ್ಲಿ ಶುರುವಾಗಿ ದ್ವಾರಕಾ ಎಂದು ನಾಮಕರಣಗೊಂಡ ಉಪನಗರಕ್ಕೆ ಇಂಥ ಮುನ್ನೂರಕ್ಕೂ ಹೆಚ್ಚು ಸೊಸೈಟಿಗಳು ಬಂದವು. 2005ರ ಡಿಸೆಂಬರ್ 31ರಂದು ಮೆಟ್ರೊ ಬಂದ ಮೇಲೆ ಖಾಲಿ ಫ್ಲ್ಯಾಟುಗಳಲ್ಲೂ ದೀಪ ಹತ್ತಿದವು. ಇಲ್ಲಿನ ಬೋರ್ಡುಗಳಲ್ಲಿ ಕಾಣುವ ‘ಸಿ.ಜಿ.ಎಚ್.ಎಸ್.’ ಎಂಬ ನಾಲ್ಕಕ್ಷರಕ್ಕೂ ಎರಡರ್ಥ: ಒಂದು ಕೋಆಪರೇಟಿವ್ ಗ್ರೂಪ್ ಹೌಸಿಂಗ್ ಸೊಸೈಟಿ, ಇನ್ನೊಂದು 1954ರಿಂದ ಇರುವ ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆ. ದ್ವಾರಕಾದ ಎಷ್ಟೋ ನಿವೃತ್ತರ ಬದುಕಿಗೆ ಎರಡೂ ಬೇಕು.

ಈ ಶಬ್ದ ಅತ್ಯಂತ ಟೊಳ್ಳಾದದ್ದೂ ದೆಹಲಿಯಲ್ಲೇ. ನಿಂತುಹೋಗಿದ್ದ ಹಳೆಯ ಸೊಸೈಟಿಗಳನ್ನು ಕಾಗದದ ಮೇಲೆ ಬದುಕಿಸಿ, ಇಲ್ಲದ ಸದಸ್ಯರ ಪಟ್ಟಿ ತೋರಿಸಿ, ರಿಯಾಯಿತಿ ದರದ ಜಮೀನು ಹೊಡೆಯುವ ಜಾಲ ಬೆಳಕಿಗೆ ಬಂತು. 2005ರಲ್ಲಿ ದೆಹಲಿ ಹೈಕೋರ್ಟ್ ನೂರಕ್ಕೂ ಹೆಚ್ಚು ಸೊಸೈಟಿಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಜೊತೆಗಾರರೇ ಇಲ್ಲದ ಸೊಸೈಟಿ! ಕಣಗಿನಹಾಳದವರು ಒಬ್ಬರಿಗೊಬ್ಬರು ಹೊಣೆ ನಿಂತು ಕಟ್ಟಿದ್ದನ್ನು ನೆನೆದರೆ ಇದು ಹಣದ ವಂಚನೆಗಿಂತ ದೊಡ್ಡ ದ್ರೋಹವಾಗಿ ಕಾಣುತ್ತದೆ. ಕಂತು ಕಟ್ಟಿ ಕಾದಿದ್ದ ನಿಜವಾದ ಸದಸ್ಯರ ನೆಲ ಅದು.

ಇಂದು ಗುರುಗ್ರಾಮದಲ್ಲಿ, ನೊಯಿಡಾದಲ್ಲಿ ಬಿಲ್ಡರುಗಳು ಕಟ್ಟಿ ಮಾರಿದ ಗೋಪುರಗಳಿಗೂ ಸೊಸೈಟಿ ಎಂದೇ ಹೆಸರು. ಆ ಗೋಪುರಗಳಲ್ಲಿ ಸಹಕಾರ ಸಂಘವೇ ಇಲ್ಲ. ಶಬ್ದ ಕಾನೂನನ್ನು ಬಿಟ್ಟು ಗೇಟಿಗೆ ಅಂಟಿಕೊಂಡಿದೆ. ದ್ವಾರಕಾದಲ್ಲೂ ‘ಸೊಸೈಟಿಯವರು’ ಎಂದರೆ ಒಳಗಿನವರು. ಪಾಲಂ, ಬಗಡೋಲಾ, ಕಕ್ರೋಲಾ ಕಡೆಯಿಂದ ಬಂದು ಮನೆಗೆಲಸ ಮಾಡುವ ಹೆಂಗಸರು, ಪಾರ್ಸೆಲ್ ತರುವ ಹುಡುಗರು ಹೊರಗಿನವರು. ಒಡನಾಟವನ್ನು ಹೇಳುತ್ತಿದ್ದ ಮಾತು ಬೇಲಿಯನ್ನು ಹೇಳುವ ಮಾತಾಗಿರುವುದು ನನ್ನನ್ನು ನೋಯಿಸುತ್ತದೆ. ಇದು ಶಬ್ದದ ತಪ್ಪಲ್ಲ, ನಾವು ಅದನ್ನು ಬಾಳಿಸುತ್ತಿರುವ ರೀತಿಯ ತಪ್ಪು.

ಆದರೂ ದ್ವಾರಕಾಕ್ಕೆ ಒಂದು ಅನುಕೂಲವಿದೆ. ಅಲ್ಲಿನ ಸೊಸೈಟಿಗಳು ಕಾಯ್ದೆಯ ಪ್ರಕಾರ ಇನ್ನೂ ನಿಜವಾದ ಸಹಕಾರ ಸಂಘಗಳು. ಫ್ಲ್ಯಾಟ್ ದೊಡ್ಡದಿರಲಿ ಚಿಕ್ಕದಿರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. 2011ರ 97ನೇ ತಿದ್ದುಪಡಿ ಸಹಕಾರ ಸಂಘ ಕಟ್ಟುವುದನ್ನು ಸಂವಿಧಾನದ 19ನೇ ವಿಧಿಯ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಿದೆ. ಲೆಕ್ಕ ಕೇಳುವ, ಆಡಳಿತ ಸಮಿತಿಯನ್ನು ಆರಿಸುವ, ಗೇಟಿನಲ್ಲಿ ದುಡಿಯುವವರ ಸಂಬಳ, ನೆರಳು, ಕುಡಿಯುವ ನೀರಿನ ಬಗ್ಗೆ ಮಾತಾಡುವ ಅಧಿಕಾರ ಪ್ರತಿ ಸದಸ್ಯನಿಗೂ ಇದೆ. ದ್ವಾರಕಾದಲ್ಲಿ ನೆಲೆಸಿರುವ ಕನ್ನಡಿಗರೇ, ನಿಮ್ಮ ಸೊಸೈಟಿಯ ವಾರ್ಷಿಕ ಸಾಮಾನ್ಯ ಸಭೆಯ ನೋಟಿಸು ಬಂದಾಗ ಅದನ್ನು ಪಕ್ಕಕ್ಕಿಡಬೇಡಿ. ಹೋಗಿ ಕುಳಿತುಕೊಳ್ಳಿ, ಲೆಕ್ಕ ಓದಿ, ಮಾತಾಡಿ, ಮತ ಹಾಕಿ.