ಬ್ಯಾಟರಿ ಡ್ರಿಲ್ ಖರೀದಿ: ಬೆಲೆಪಟ್ಟಿಯ ಆಚೆಗಿನ ಲೆಕ್ಕ

ಪೀಠೋಪಕರಣ ತಯಾರಿಕೆ, ಅಡುಗೆಮನೆ ಕಪಾಟುಗಳ ಜೋಡಣೆ, ವಿದ್ಯುತ್ ಪ್ಯಾನೆಲ್‌ಗಳ ತಯಾರಿಕೆ, ಅಲ್ಯೂಮಿನಿಯಂ ಕಿಟಕಿ-ಬಾಗಿಲುಗಳ ಕೆಲಸ ಮುಂತಾದ ಸಣ್ಣ ಉದ್ದಿಮೆಗಳಲ್ಲಿ ಬ್ಯಾಟರಿಯಿಂದ ನಡೆಯುವ ಡ್ರಿಲ್ ಹಾಗೂ ಸ್ಕ್ರೂಡ್ರೈವರ್‌ಗಳು ಇಂದು ಅನಿವಾರ್ಯವಾಗಿವೆ. ಲಕ್ಷಾಂತರ ರೂಪಾಯಿಗಳ ಯಂತ್ರವನ್ನು ಕೊಳ್ಳುವಾಗ ಹತ್ತು ಬಾರಿ ಆಲೋಚಿಸುವ ಉದ್ದಿಮೆದಾರರು ಈ ಸಣ್ಣ ಸಾಧನವನ್ನು ಮಾತ್ರ ಬೆಲೆಯೊಂದನ್ನೇ ನೋಡಿ ಕೊಳ್ಳುವುದುಂಟು. ಆದರೆ ದಿನವಿಡೀ ಕೆಲಸಗಾರನ ಕೈಯಲ್ಲಿರುವ ಸಾಧನದ ನಿಜವಾದ ವೆಚ್ಚವು ಖರೀದಿ ಬಿಲ್ಲಿನಲ್ಲಿ ಪೂರ್ಣವಾಗಿ ಕಾಣುವುದಿಲ್ಲ.

ಕೆಲಸಕ್ಕೆ ತಕ್ಕ ಸಾಧನ

ಮಾರುಕಟ್ಟೆಯಲ್ಲಿ ದೊರೆಯುವ ಸಾಧನಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಡ್ರಿಲ್ ಡ್ರೈವರ್. ಇದರ ಚಕ್‌ನ ಹಿಂಬದಿಯಲ್ಲಿ ಅಂಕಿಗಳುಳ್ಳ ಕ್ಲಚ್ ಉಂಗುರವಿರುತ್ತದೆ. ನಿಗದಿಪಡಿಸಿದ ಬಲ ತಲುಪಿದೊಡನೆ ತಿರುಗುವಿಕೆ ನಿಲ್ಲುವುದರಿಂದ ಪ್ಲೈವುಡ್ ಅಥವಾ ಪಾರ್ಟಿಕಲ್ ಬೋರ್ಡಿನಲ್ಲಿ ಸ್ಕ್ರೂ ಅತಿಯಾಗಿ ಇಳಿದು ಹಿಡಿತ ಕಳೆದುಕೊಳ್ಳುವುದು ತಪ್ಪುತ್ತದೆ. ಎರಡನೆಯದು ಇಂಪ್ಯಾಕ್ಟ್ ಡ್ರೈವರ್. ಇದು ತಿರುಗುವ ದಿಕ್ಕಿನಲ್ಲಿಯೇ ಪೆಟ್ಟು ಕೊಡುತ್ತದೆ. ಉದ್ದನೆಯ ಸ್ಕ್ರೂ ಮತ್ತು ಬೋಲ್ಟ್‌ಗಳಿಗೆ ಯೋಗ್ಯ. ಸಾಮಾನ್ಯವಾಗಿ ಇದರಲ್ಲಿ ಕ್ಲಚ್ ಉಂಗುರ ಇರುವುದಿಲ್ಲವಾದ್ದರಿಂದ ನಾಜೂಕಾದ ಜೋಡಣೆಗೆ ಒಗ್ಗದು. ಮೂರನೆಯದು ಹ್ಯಾಮರ್ ಡ್ರಿಲ್. ಇದರ ಪೆಟ್ಟು ಮುಂದಕ್ಕೆ ಬೀಳುವುದರಿಂದ ಇಟ್ಟಿಗೆ ಗೋಡೆಗೆ ರಂಧ್ರ ಕೊರೆಯಲು ಉಪಯುಕ್ತ. ಆದರೆ ಕಾಂಕ್ರೀಟಿನಲ್ಲಿ ನಿತ್ಯವೂ ಕೊರೆಯಬೇಕಾದವರು ಪ್ರತ್ಯೇಕವಾಗಿ ರೋಟರಿ ಹ್ಯಾಮರ್ ಹೊಂದುವುದೇ ಲೇಸು.

ತಿರುಚುವ ಬಲವನ್ನು, ಅಂದರೆ ಟಾರ್ಕನ್ನು, ನ್ಯೂಟನ್ ಮೀಟರ್‌ಗಳಲ್ಲಿ ಸೂಚಿಸಲಾಗುತ್ತದೆ. ಲೋಹದಂತಹ ಗಟ್ಟಿ ಜೋಡಣೆಯಲ್ಲಿ ಕ್ಷಣಮಾತ್ರ ದೊರೆಯುವ ಗರಿಷ್ಠ ಬಲ ಒಂದಾದರೆ, ಮರದಂತಹ ಮೃದು ವಸ್ತುವಿನಲ್ಲಿ ದೊರೆಯುವ ಬಲ ಮತ್ತೊಂದು. ಕಂಪನಿಗಳು ದೊಡ್ಡ ಅಂಕಿಯನ್ನೇ ಮುಂದಿಡುವುದು ಸಹಜ. ಆದುದರಿಂದ ಎರಡು ಡ್ರಿಲ್‌ಗಳನ್ನು ಹೋಲಿಸುವಾಗ ಒಂದೇ ಬಗೆಯ ಅಂಕಿಗಳನ್ನು ಹೋಲಿಸಬೇಕು. ಇಂಪ್ಯಾಕ್ಟ್ ಡ್ರೈವರ್‌ನ ಟಾರ್ಕನ್ನು ಡ್ರಿಲ್‌ನ ಟಾರ್ಕಿನೊಡನೆ ಹೋಲಿಸುವುದು ಸಲ್ಲದು.

ಬ್ಯಾಟರಿಯೇ ಬಂಡವಾಳ

ಲಿಥಿಯಂ-ಅಯಾನ್ ಬ್ಯಾಟರಿಯ ಪ್ರತಿ ಸೆಲ್ಲಿನ ಸಾಮಾನ್ಯ ಒತ್ತಡ ಸುಮಾರು 3.6 ವೋಲ್ಟ್. ಐದು ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸಿದರೆ 18 ವೋಲ್ಟ್. ಹೊಸದಾಗಿ ಚಾರ್ಜ್ ಮಾಡಿದಾಗ ಅದೇ ಬ್ಯಾಟರಿ ಸುಮಾರು 20 ವೋಲ್ಟ್ ತೋರಿಸುತ್ತದೆ. ಆದ್ದರಿಂದ "20 ವೋಲ್ಟ್ ಮ್ಯಾಕ್ಸ್" ಎಂಬ ಹಣೆಪಟ್ಟಿಗೆ ಹೆಚ್ಚಿನ ಬೆಲೆ ಕೊಡುವ ಅಗತ್ಯವಿಲ್ಲ. ಬ್ಯಾಟರಿಯಲ್ಲಿ ಅಡಗಿರುವ ಶಕ್ತಿಯನ್ನು ತಿಳಿಯಲು ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರಾಯಿತು. 18 ವೋಲ್ಟಿನ 2 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 36 ವಾಟ್-ಅವರ್, 4 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 72 ವಾಟ್-ಅವರ್ ಶಕ್ತಿಯಿರುತ್ತದೆ. ಶಕ್ತಿಯೊಡನೆ ತೂಕವೂ ಏರುತ್ತದೆ ಎಂಬುದನ್ನು ಮರೆಯಬಾರದು. ಪ್ಯಾನೆಲ್ ಜೋಡಿಸುವವನಿಗೆ 12 ವೋಲ್ಟಿನ ಹಗುರ ಸಾಧನವೇ ಹಿತಕರ. ಬ್ರಷ್‌ಲೆಸ್ ಮೋಟಾರಿನಲ್ಲಿ ಸವೆಯುವ ಕಾರ್ಬನ್ ಬ್ರಷ್‌ಗಳಿಲ್ಲ. ಒಂದೇ ಚಾರ್ಜಿನಲ್ಲಿ ಅದು ಹೆಚ್ಚು ಕೆಲಸ ಮಾಡುತ್ತದೆ.

ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದು ಕಂಪನಿಯ ಸಾಧನಕ್ಕೆ ಹೊಂದುವುದಿಲ್ಲ. ಮೊದಲ ಡ್ರಿಲ್ ಕೊಳ್ಳುವಾಗಲೇ ಮುಂದಿನ ಗರಗಸ, ಗ್ರೈಂಡರ್‌ಗಳ ಆಯ್ಕೆಯೂ ಬಹುಮಟ್ಟಿಗೆ ನಿರ್ಧಾರವಾಗಿಬಿಡುತ್ತದೆ. ಆದಕಾರಣ ಬ್ಯಾಟರಿಯ ಬಿಡಿ ಬೆಲೆ, ಬ್ಯಾಟರಿರಹಿತ ಸಾಧನಗಳ ಬೆಲೆ ಹಾಗೂ ಊರಿನಲ್ಲಿಯೇ ದುರಸ್ತಿ ಕೇಂದ್ರವಿದೆಯೇ ಎಂಬುದನ್ನು ಮೊದಲೇ ವಿಚಾರಿಸತಕ್ಕದ್ದು.

ಒಂದು ಉದಾಹರಣೆ

ಕಲ್ಪಿತ ಅಂಕಿಗಳೊಂದಿಗೆ ಲೆಕ್ಕ ಹಾಕಿ ನೋಡಬಹುದು. ಒಂದೇ ಬ್ಯಾಟರಿಯುಳ್ಳ ಸಾಧಾರಣ ಡ್ರಿಲ್‌ಗೆ ರೂ. 6,000, ಎರಡು ಬ್ಯಾಟರಿಗಳುಳ್ಳ ಉತ್ತಮ ಡ್ರಿಲ್‌ಗೆ ರೂ. 14,000 ಎಂದಿಟ್ಟುಕೊಳ್ಳೋಣ. ಕೆಲಸಗಾರನ ಎಂಟು ಗಂಟೆಗಳ ಕೂಲಿ ರೂ. 900. ಬ್ಯಾಟರಿ ಚಾರ್ಜ್ ಆಗುವವರೆಗೆ ದಿನಕ್ಕೆ ಅರ್ಧ ಗಂಟೆ ಕಾಯುವಂತಾದರೆ ನಷ್ಟ ರೂ. 56.25. ಹೆಚ್ಚುವರಿಯಾಗಿ ಕೊಟ್ಟ ರೂ. 8,000 ಸುಮಾರು 142 ಕೆಲಸದ ದಿನಗಳಲ್ಲಿ ಹಿಂದಿರುಗುತ್ತದೆ. 300 ದಿನಗಳ ವರ್ಷದಲ್ಲಿ ಉಳಿತಾಯ ರೂ. 16,875. ಆದರೆ ವಾರಕ್ಕೆ ಎರಡೇ ದಿನ ಡ್ರಿಲ್ ಬಳಸುವವರಿಗೆ ಅದೇ ಹಣ ಹಿಂದಿರುಗಲು ಒಂದು ವರ್ಷ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಬೇಕು. ಹೀಗೆ ದುಬಾರಿಯಾದುದೇ ಎಲ್ಲರಿಗೂ ಉತ್ತಮವೆಂದೇನೂ ಅಲ್ಲ. ಬಳಕೆಯ ದಿನಗಳೇ ನಿರ್ಣಾಯಕ.

ತೆರಿಗೆ ಮತ್ತು ಲೆಕ್ಕಪತ್ರ

ಮೇಲಿನ ರೂ. 14,000ಕ್ಕೆ ಶೇ. 18ರಂತೆ ಸರಕು ಮತ್ತು ಸೇವಾ ತೆರಿಗೆ ರೂ. 2,520. ಸಾಮಾನ್ಯ ಕ್ರಮದಲ್ಲಿ ನೋಂದಾಯಿತರಾಗಿ ತೆರಿಗೆ ಬಾಧ್ಯ ವ್ಯವಹಾರ ನಡೆಸುವವರು, ತಮ್ಮ ನೋಂದಣಿ ಸಂಖ್ಯೆಯುಳ್ಳ ಬಿಲ್ಲು ಪಡೆದು ಇತರ ಷರತ್ತುಗಳನ್ನು ಪೂರೈಸಿದರೆ ಈ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಜಮೆ ಪಡೆಯಬಹುದು. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಅವರಿಗೆ ಡ್ರಿಲ್‌ನ ವೆಚ್ಚ ರೂ. 16,520. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಮತ್ತೆ ಸವಕಳಿ ಕೇಳುವಂತಿಲ್ಲ. ಒಬ್ಬರಿಗೆ ಒಂದೇ ದಿನ ರೂ. 10,000 ಮೀರಿ ನಗದು ಪಾವತಿಸಿದರೆ ಆ ಮೊತ್ತವು ಸವಕಳಿಗಾಗಿ ಸ್ವತ್ತಿನ ವೆಚ್ಚದಲ್ಲಿ ಸೇರುವುದಿಲ್ಲ. ಬ್ಯಾಂಕಿನ ಮೂಲಕ ಪಾವತಿಯೇ ಕ್ಷೇಮ.

ಆದಾಯ ತೆರಿಗೆಗಾಗಿ ಸಾಮಾನ್ಯ ಯಂತ್ರೋಪಕರಣಗಳಿಗೆ ಇಳಿಕೆ ಮೌಲ್ಯದ ಮೇಲೆ ಶೇ. 15ರ ಸವಕಳಿ ದೊರೆಯುತ್ತದೆ. ಖರೀದಿಸಿದ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಪೂರ್ಣ ದರದಲ್ಲಿ ಮೂರು ವರ್ಷ ಕಳೆದ ಮೇಲೂ ರೂ. 14,000ದಲ್ಲಿ ಸುಮಾರು ರೂ. 8,598 ಲೆಕ್ಕದಲ್ಲಿ ಉಳಿದಿರುತ್ತದೆ. ಅಷ್ಟರೊಳಗೆ ಡ್ರಿಲ್ ಗುಜರಿಗೆ ಸೇರಿರಬಹುದು. ಆದ್ದರಿಂದ ಗಿರಾಕಿಗೆ ದರ ನಮೂದಿಸುವಾಗ ತೆರಿಗೆಯ ಸವಕಳಿಯನ್ನಲ್ಲ, ಸಾಧನದ ನಿಜ ಆಯುಷ್ಯವನ್ನು ಆಧರಿಸಬೇಕು. ಮೂರು ವರ್ಷ ಬಾಳುವುದಾದರೆ ವರ್ಷಕ್ಕೆ ಸುಮಾರು ರೂ. 4,667 ಕೆಲಸದ ದರದಲ್ಲಿ ಸೇರಿರಬೇಕು. ಇದನ್ನು ಬಿಟ್ಟವರು ಲಾಭವೆಂದು ಭಾವಿಸಿ ತಮ್ಮ ಬಂಡವಾಳವನ್ನೇ ಖರ್ಚು ಮಾಡುತ್ತಿರುತ್ತಾರೆ.

ಬ್ಯಾಟರಿಯನ್ನು ಬಿಸಿಲಿನಲ್ಲಿ ನಿಂತ ವಾಹನದೊಳಗೆ ಬಿಡದಿರುವುದು, ಬಿಸಿಯಾಗಿರುವಾಗಲೇ ಚಾರ್ಜಿಗೆ ಹಾಕದಿರುವುದು ಅದರ ಆಯುಷ್ಯವನ್ನು ಹೆಚ್ಚಿಸುತ್ತದೆ. ಹಳೆಯ ಬ್ಯಾಟರಿಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಇತರ ಕಸದೊಡನೆ ಬೆರೆಸದೆ ಸಂಗ್ರಹಣಾ ಕೇಂದ್ರಕ್ಕೆ ಒಪ್ಪಿಸಬೇಕು. ಕೆಲಸದ ಸ್ವರೂಪ, ವರ್ಷದ ಬಳಕೆಯ ದಿನಗಳು, ಬ್ಯಾಟರಿಯ ಬಿಡಿ ಬೆಲೆ, ದುರಸ್ತಿಯ ಅನುಕೂಲ: ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗುವ ಉದ್ದಿಮೆದಾರರಿಗೆ ಆಯ್ಕೆ ಕಷ್ಟವಾಗಲಾರದು.