ಉಸಿರು ತಾಗುವ ತಾಣ

ವಯಸ್ಕ ಮನುಷ್ಯ ದಿನಕ್ಕೆ ಸುಮಾರು 20,000 ಸಲ ಉಸಿರಾಡುತ್ತಾನೆ. ಅವುಗಳಲ್ಲಿ ಎಷ್ಟು ಅವನ ಅರಿವಿಗೆ ಬರುತ್ತವೆ? ನೆಗಡಿಯಾಗಿ ಮೂಗು ಕಟ್ಟಿದಾಗಷ್ಟೇ ಉಸಿರಿನ ನೆನಪು. ಹೀಗೆ ಸದ್ದಿಲ್ಲದೆ ನಡೆಯುವ ಈ ಕ್ರಿಯೆಯನ್ನೇ ಧ್ಯಾನದ ವಸ್ತುವಾಗಿಸಿಕೊಂಡದ್ದು ಬೌದ್ಧರ 'ಆನಾಪಾನಸತಿ'. ಪಾಳಿ ಭಾಷೆಯ ಈ ಪದಕ್ಕೆ ಒಳಬರುವ, ಹೊರಹೋಗುವ ಉಸಿರಿನ ಎಚ್ಚರ ಎಂದರ್ಥ.

ಪ್ರಾಣಾಯಾಮದಲ್ಲಿ ಉಸಿರನ್ನು ಎಳೆಯುವುದಕ್ಕೆ, ಹಿಡಿಯುವುದಕ್ಕೆ, ಬಿಡುವುದಕ್ಕೆ ನಿಯಮಗಳಿವೆ. ಆನಾಪಾನದಲ್ಲಿ ಉಸಿರನ್ನು ತಿದ್ದುವ ಗೋಜಿಲ್ಲ. ಅದು ದೀರ್ಘವಾಗಿದ್ದರೆ ದೀರ್ಘವೆಂದು, ಗಿಡ್ಡವಾಗಿದ್ದರೆ ಗಿಡ್ಡವೆಂದು ತಿಳಿಯುವುದೇ ಮೊದಲ ಪಾಠ. ಮಜ್ಝಿಮನಿಕಾಯದ 118ನೆಯ ಸುತ್ತ ಈ ಸಾಧನೆಯ 16 ಹಂತಗಳನ್ನು ವಿವರಿಸುತ್ತದೆ.

ಗಮನವನ್ನು ಎಲ್ಲಿ ನಿಲ್ಲಿಸಬೇಕು? 5ನೆಯ ಶತಮಾನದಲ್ಲಿ ಶ್ರೀಲಂಕೆಯಲ್ಲಿದ್ದ ಬುದ್ಧಘೋಷ ತನ್ನ 'ವಿಸುದ್ಧಿಮಗ್ಗ'ದಲ್ಲಿ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಉದ್ದ ಮೂಗಿನವರಿಗೆ ಗಾಳಿ ಮೂಗಿನ ತುದಿಗೆ ತಾಗುತ್ತದೆ, ಗಿಡ್ಡ ಮೂಗಿನವರಿಗೆ ಮೇಲ್ದುಟಿಗೆ. ಮರ ಕೊಯ್ಯುವವನ ಗಮನ ಗರಗಸದ ಹಲ್ಲು ಮರವನ್ನು ತಾಗುವೆಡೆಯಲ್ಲೇ ಇರುತ್ತದೆ. ಹಲ್ಲುಗಳ ಹಿಂದೆ ಅತ್ತಿತ್ತ ಓಡುವುದಿಲ್ಲ. ಸಾಧಕನೂ ಹಾಗೆಯೇ ಇರಬೇಕೆಂಬುದು ಅಲ್ಲಿನ ಹೋಲಿಕೆ. 1969ರಲ್ಲಿ ಬರ್ಮಾದಿಂದ ಭಾರತಕ್ಕೆ ಬಂದ ಎಸ್.ಎನ್. ಗೋಯೆಂಕಾ ಆರಂಭಿಸಿದ 10 ದಿನಗಳ ವಿಪಶ್ಯನ ಶಿಬಿರಗಳೂ ಈ ಸಾಧನೆಯಿಂದಲೇ ಶುರುವಾಗುತ್ತವೆ.

ಆ ತಾಣದಲ್ಲಿ ನಮಗೆ ತಿಳಿಯುವುದಾದರೂ ಏನು? ಗಾಳಿಯ ಒತ್ತಡಕ್ಕಿಂತ ಹೆಚ್ಚಾಗಿ ಅದರ ತಂಪು ಎನ್ನುತ್ತದೆ ಇಂದಿನ ವಿಜ್ಞಾನ. ಒಳಬರುವ ಗಾಳಿ ಮೂಗಿನ ತೇವವನ್ನು ಆರಿಸುತ್ತ ಅಲ್ಲಿನ ಪೊರೆಯನ್ನು ತಣಿಸುತ್ತದೆ. ನರಗಳು ಆ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ. ಹೊರಹೋಗುವ ಗಾಳಿಗೆ ಮೈಯ ಬಿಸುಪೇ ಇರುವುದರಿಂದ ಅದರ ಸುಳಿವು ಕಡಿಮೆ. ಮೆಂಥಾಲ್ ಮೂಸಿದೊಡನೆ ಮೂಗು ತೆರೆದಂತೆ ಅನ್ನಿಸುತ್ತದೆಯಷ್ಟೆ; ನಿಜಕ್ಕೂ ದಾರಿ ಅಗಲವಾಗಿರುವುದಿಲ್ಲ. ತಂಪನ್ನು ಗುರುತಿಸುವ ಗ್ರಾಹಕವನ್ನು ಮೆಂಥಾಲ್ ಕೆರಳಿಸಿರುತ್ತದೆ. 2002ರಲ್ಲಿ ಆ ಗ್ರಾಹಕವನ್ನು ಪತ್ತೆಮಾಡಿದವರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಸೇರಿದ್ದಾರೆ. ಉಷ್ಣ ಹಾಗೂ ಸ್ಪರ್ಶದ ಗ್ರಾಹಕಗಳ ಶೋಧಕ್ಕಾಗಿ 2021ರಲ್ಲಿ ಅವರಿಗೆ ನೊಬೆಲ್ ಬಂತು.

ಈ ತಂಪಿನ ಬೆಲೆ ತಿಳಿಯುವುದು ಅದು ಇಲ್ಲವಾದಾಗ. ಮೂಗಿನೊಳಗಿನ ಮಡಿಕೆಗಳನ್ನು ಶಸ್ತ್ರಚಿಕಿತ್ಸೆಯಲ್ಲಿ ಅತಿಯಾಗಿ ತೆಗೆದಾಗ ಕೆಲವರಿಗೆ ವಿಚಿತ್ರ ಸಂಕಟ ಕಾಡುತ್ತದೆ. ದಾರಿ ವಿಶಾಲವಾಗಿದೆ, ಗಾಳಿ ಧಾರಾಳವಾಗಿ ಓಡಾಡುತ್ತಿದೆ. ಆದರೂ ಉಸಿರು ಕಟ್ಟಿದಂತೆ ಅವರು ಚಡಪಡಿಸುತ್ತಾರೆ. ಗಾಳಿ ಬಂದದ್ದು ಅವರ ಅರಿವಿಗೇ ಬರುವುದಿಲ್ಲ. ಉಸಿರಾಡಿದರಷ್ಟೇ ಸಾಲದು, ಆಡಿದ್ದು ತಿಳಿಯಲೂ ಬೇಕು. ಧ್ಯಾನಕ್ಕೆ ಕೂರದವರಿಗೂ ಈ ಮಾತು ಸಲ್ಲುತ್ತದೆ.