ಹೆಬ್ಬೆಟ್ಟಿನ ಅಮ್ಮ, ಓದುವ ಮಗಳು

ಪೋಷಕರ ಸಭೆಯ ದಿನ ನನ್ನ ಮೇಜಿನ ಮೇಲೆ ಪೆನ್ನಿನ ಪಕ್ಕದಲ್ಲಿ ಇಂಕ್ ಪ್ಯಾಡ್ ಕೂಡ ಇರುತ್ತಿತ್ತು. ಮೂರನೇ ತರಗತಿಯ ಹುಡುಗಿಯೊಬ್ಬಳ ತಾಯಿ, ಬಸ್ ನಿಲ್ದಾಣದ ಬಳಿ ಹೂ ಮಾರುವಾಕೆ, ಪ್ರಗತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಸೆರಗಿಗೆ ಬೆರಳು ಒರೆಸಿಕೊಂಡು ಹೇಳಿದಳು: "ನಾವು ಓದಿಲ್ಲ ಮೇಷ್ಟ್ರೇ, ನಮಗೇನು ತಿಳೀತದೆ? ಇವಳ ತಲೆಗೆ ಹತ್ತಿದಷ್ಟು ಹತ್ತಲಿ, ನೀವೇ ನೋಡ್ಕೊಳ್ಳಿ." ಇಂಥ ಮಾತಿಗೆ ನಾವು ಶಿಕ್ಷಕರು ಸುಮ್ಮನೆ ತಲೆಯಾಡಿಸುತ್ತೇವೆ. ಆಕೆಯ ಮಾತಿನ ಹಿಂದೆ ಇರುವ ನಂಬಿಕೆಗಳನ್ನು ಒಮ್ಮೆ ಬಿಡಿಸಿ ನೋಡಬೇಕು.

ನಂಬಿಕೆ: ಓದಿದವರ ಮಕ್ಕಳಿಗೆ ವಿದ್ಯೆ ರಕ್ತದಲ್ಲೇ ಬಂದಿರುತ್ತದೆ

ಓದಿದವರ ಮಕ್ಕಳು ಸರಾಸರಿಯಲ್ಲಿ ಮುಂದಿರುತ್ತಾರೆ, ಅದು ನಿಜ. ಕಾರಣ ಮಾತ್ರ ನಾವಂದುಕೊಂಡಷ್ಟು ಸರಳವಾಗಿಲ್ಲ. ನಾರ್ವೆ ದೇಶ 1960ರ ದಶಕದ ಆಸುಪಾಸಿನಲ್ಲಿ ಕಡ್ಡಾಯ ಶಿಕ್ಷಣವನ್ನು ಏಳು ವರ್ಷದಿಂದ ಒಂಬತ್ತಕ್ಕೆ ಏರಿಸಿತು, ಒಂದೊಂದು ಊರಿನಲ್ಲಿ ಒಂದೊಂದು ವರ್ಷ. ಹೀಗಾಗಿ ಒಂದೇ ತಲೆಮಾರಿನವರಲ್ಲಿ ಕೆಲವರಿಗೆ ಹೆಚ್ಚು ಓದು ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ಅವರ ಮಕ್ಕಳನ್ನು ಹೋಲಿಸಿದ ಸಂಶೋಧಕರು 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ತಂದೆಗೆ ಹೆಚ್ಚುವರಿ ವರ್ಷಗಳ ಓದು ಸಿಕ್ಕಿದ್ದರಿಂದ ಮಕ್ಕಳ ಓದು ಬೆಳೆದ ಲಕ್ಷಣ ಕಾಣಲಿಲ್ಲ. ತಾಯಿಯ ಓದು ಗಂಡುಮಕ್ಕಳಿಗಷ್ಟೇ ಒಂದಿಷ್ಟು ನೆರವಾಗಿತ್ತು. ಶಾಲೆಯಲ್ಲಿ ಕಳೆದ ವರ್ಷಗಳು ಅಷ್ಟಾಗಿ ಮಗುವಿಗೆ ದಾಟಿಕೊಳ್ಳುವುದಿಲ್ಲ ಎಂದಾಯಿತು. ಹುಟ್ಟಿನಿಂದ ಬರುವ ಪಾಲೂ ಇದೆ. ಆದರೆ ಓದಿನ ಬೆನ್ನಿಗೇ ಬರುವ ಸಂಬಳ, ಪುಸ್ತಕ, ಟ್ಯೂಷನ್, ದಾರಿ ತೋರಿಸುವ ನೆಂಟರು, ಇವೆಲ್ಲದರ ಫಲವನ್ನೂ ನಾವು ರಕ್ತದ ಲೆಕ್ಕಕ್ಕೇ ಜಮೆ ಮಾಡುತ್ತೇವೆ.

ನಂಬಿಕೆ: ಓದು ಬಾರದ ತಾಯಿ ಮಗುವಿಗೆ ಏನೂ ಕಲಿಸಲಾರಳು

ಇದರಷ್ಟು ಹಾನಿ ಮಾಡುವ ನಂಬಿಕೆ ಇನ್ನೊಂದಿಲ್ಲ ಎಂಬುದು ನನ್ನ ಅನಿಸಿಕೆ. ಜಮೈಕಾದ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ 1986–87ರಲ್ಲಿ, ವಯಸ್ಸಿಗೆ ತಕ್ಕ ಎತ್ತರವಿಲ್ಲದ 129 ಕೂಸುಗಳನ್ನು ಸಂಶೋಧಕರು ಆರಿಸಿಕೊಂಡರು. ಕೆಲವು ಮನೆಗಳಿಗೆ ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಹೋಗಿ ಒಂದು ಗಂಟೆ ಇದ್ದು, ಕೂಸಿನ ಜೊತೆ ಹೇಗೆ ಆಡಬೇಕು, ಏನು ಮಾತಾಡಬೇಕು ಎಂದು ತಾಯಿಗೆ ತೋರಿಸಿ ಬರುತ್ತಿದ್ದಳು. ಆಟಿಕೆಗಳೂ ಕೈಯಲ್ಲೇ ಮಾಡಿದವು. ಹೀಗೆ ಎರಡು ವರ್ಷ ನಡೆಯಿತು. ಇಪ್ಪತ್ತು ವರ್ಷದ ನಂತರ ಹುಡುಕಿಕೊಂಡು ಹೋದಾಗ, ಆ ಮನೆಗಳ ಮಕ್ಕಳ ಗಳಿಕೆ ಉಳಿದವರಿಗಿಂತ ಶೇ 25ರಷ್ಟು ಹೆಚ್ಚಿತ್ತು. ತಾಯಂದಿರು ಈ ನಡುವೆ ಯಾವ ಪರೀಕ್ಷೆಯನ್ನೂ ಪಾಸು ಮಾಡಬೇಕಾಗಿರಲಿಲ್ಲ.

ಪಾಕಿಸ್ತಾನದ ಹಳ್ಳಿಗಳ ಅಧ್ಯಯನವೊಂದು ಇನ್ನೂ ಹತ್ತಿರದ್ದು. ಅಷ್ಟಿಷ್ಟಾದರೂ ಶಾಲೆ ಕಂಡ ತಾಯಂದಿರ ಮಕ್ಕಳು ಮನೆಯಲ್ಲಿ ದಿನಕ್ಕೆ 72 ನಿಮಿಷ ಹೆಚ್ಚು ಓದು–ಬರಹದಲ್ಲಿ ಕಳೆಯುತ್ತಿದ್ದರು. ಆ ಹೊತ್ತನ್ನು ಮೀಸಲಿಡುವುದು ಓದು ಬಾರದ ಅಮ್ಮನಿಗೂ ಸಾಧ್ಯ.

ಆ ಹೂವಿನ ಬುಟ್ಟಿಯ ಹತ್ತಿರ ಒಂದು ಸಂಜೆ ನಿಂತಿದ್ದೆ. ಅಮ್ಮ ಮೊಳಕೈ ಚಾಚಿ ಅಳೆಯುತ್ತಿದ್ದಳು, ಮಗಳು ದುಡ್ಡು ನೋಡಿಕೊಳ್ಳುತ್ತಿದ್ದಳು. ಮೊಳಕ್ಕೆ ಇಪ್ಪತ್ತೈದು ರೂಪಾಯಿ. ಒಂದು ಮಾರು ಬೇಕೆಂದವರಿಗೆ, ನಾಲ್ಕು ಮೊಳ ಅಲ್ಲವೇ, ನೂರು. ಇನ್ನೊಬ್ಬರು ಆರು ಮೊಳ ಕೇಳಿ ಇನ್ನೂರರ ನೋಟು ಕೊಟ್ಟರೆ ಬೆರಳು ಮಡಚದೆ ಐವತ್ತು ವಾಪಸು. ಮರುದಿನ ಅದೇ ಹುಡುಗಿಗೆ ಬೋರ್ಡಿನ ಮೇಲೆ 25 × 6 ಬರೆದುಕೊಟ್ಟರೆ ಸೀಮೆಸುಣ್ಣ ಹಿಡಿದು ನಿಂತೇ ಇದ್ದಳು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರು ಕೋಲ್ಕತ್ತ, ದೆಹಲಿಗಳ ಮಾರುಕಟ್ಟೆಯಲ್ಲಿ ದುಡಿಯುವ ಮಕ್ಕಳಲ್ಲಿ ಕಂಡು 2025ರಲ್ಲಿ ಪ್ರಕಟಿಸಿದ್ದೂ ಇದನ್ನೇ: ವ್ಯಾಪಾರದ ಲೆಕ್ಕದಲ್ಲಿ ಚುರುಕಾದ ಮಕ್ಕಳು ಪುಸ್ತಕದ ಲೆಕ್ಕದಲ್ಲಿ ತಡವರಿಸುತ್ತಾರೆ. ಮನೆ ಕಲಿಸಿದ್ದು ತಾನಾಗಿ ಶಾಲೆಗೆ ನಡೆದು ಬರುವುದಿಲ್ಲ, ಕೈಹಿಡಿದು ಕರೆತರಬೇಕು. ಅದು ಮೇಷ್ಟ್ರ ಕೆಲಸ. ಬೋರ್ಡಿನ ಮೇಲೆ 6ರ ಪಕ್ಕ 'ಮೊಳ' ಎಂದು ಬರೆದ ಮೇಲೆ ಅವಳು ಉತ್ತರ ಹೇಳಿದಳು.

ನಂಬಿಕೆ: ಹಾಗಾದರೆ ಅಮ್ಮನ ಓದಿಗೆ ಬೆಲೆಯೇ ಇಲ್ಲ

ಇದು ಇನ್ನೊಂದು ತುದಿಯ ತಪ್ಪು. 1970ರಿಂದ 2009ರ ನಡುವೆ 175 ದೇಶಗಳಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವಿನಲ್ಲಿ ಆದ ಇಳಿಕೆಯ ಅರ್ಧದಷ್ಟು ಹೆಣ್ಣುಮಕ್ಕಳ ಶಿಕ್ಷಣದಿಂದ ಬಂದದ್ದು ಎಂದು ಒಂದು ದೊಡ್ಡ ಅಧ್ಯಯನ ಅಂದಾಜಿಸಿದೆ. ಆದರೆ ಅಮ್ಮನಿಗೆ ಅಕ್ಷರ ಕಲಿಸಿದರೆ ಮಗುವಿನ ಕಲಿಕೆ ತಾನಾಗಿ ಏರುತ್ತದೆ ಎಂದೂ ಕಾಯಬಾರದು. ರಾಜಸ್ಥಾನ, ಬಿಹಾರಗಳಲ್ಲಿ ತಾಯಂದಿರಿಗೆ ಸಾಕ್ಷರತಾ ತರಗತಿ ನಡೆಸಿ ನೋಡಿದಾಗ ಮಕ್ಕಳ ಅಂಕದಲ್ಲಿ ಕಂಡ ಏರಿಕೆ ಚಿಕ್ಕದು.

ನಂಬಿಕೆ: ಓದಿದ ಮನೆಯೆಂದರೆ ಮಗುವಿನ ಜೊತೆ ಇಂಗ್ಲಿಷಿನಲ್ಲೇ ಮಾತಾಡಬೇಕು

ಬಾರದ ಭಾಷೆಯಲ್ಲಿ ಅಪ್ಪ–ಅಮ್ಮ ಮಗುವಿಗೆ ಹೇಳುವುದು ಹೆಚ್ಚೆಂದರೆ 'ಕಮ್', 'ಸಿಟ್', 'ಈಟ್'. ಬಂದ ಭಾಷೆಯಲ್ಲಾದರೆ ಕಥೆ, ಒಗಟು, ಸಂತೆಯ ಸುದ್ದಿ ಎಲ್ಲವೂ ಇರುತ್ತದೆ. ಮಗುವಿಗೆ ಬೇಕಾದದ್ದು ಆ ತುಂಬು ಮಾತು.

ಶಿಕ್ಷಕ ಮಿತ್ರರಲ್ಲಿ ಒಂದು ಕೋರಿಕೆ. ಮುಂದಿನ ಸಭೆಯಲ್ಲಿ ಹೆಬ್ಬೆಟ್ಟು ಒತ್ತುವ ತಾಯಿಗೆ "ಮನೇಲಿ ಓದಿಸಿ" ಎಂದಷ್ಟೇ ಹೇಳಿ ಕಳಿಸಬೇಡಿ. "ಹೂ ಕಟ್ಟುವಾಗ ಮಗಳನ್ನು ಪಕ್ಕ ಕೂರಿಸಿಕೊಳ್ಳಿ ಅಮ್ಮ, ಅವಳು ಗಟ್ಟಿಯಾಗಿ ಓದಲಿ, ನೀವು ಕೇಳಿ. ಇವತ್ತು ಮೇಷ್ಟ್ರು ಏನು ಹೇಳಿಕೊಟ್ಟರು ಅಂತ ದಿನಾ ವಿಚಾರಿಸಿ" ಎಂದು ಹೇಳಿ ಕಳಿಸಿ.